ಎಪ್ಪತ್ತು ಪರ್ಸೆಂಟ್ ಬ್ಲಾಕ್: ಯಾವುದರ ಎಪ್ಪತ್ತು?

(ಪುತ್ತೂರಿನಲ್ಲಿ ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ಕತ್ತರಿಸಿದ್ದೇನೆ. ಪ್ರಶ್ನೋತ್ತರದಲ್ಲಿ ವಿಷಯಕ್ಕೆ ಹತ್ತಿರವಾದವನ್ನಷ್ಟೇ ಉಳಿಸಿಕೊಂಡಿದ್ದೇನೆ.)

ಈಗ ಒಳಗೆ ಬರುವಾಗ ಬಾಗಿಲಲ್ಲೇ ಒಬ್ಬ ಹಿರಿಯರು ನನ್ನನ್ನು ನಿಲ್ಲಿಸಿದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಆಂಜಿಯೋಗ್ರಾಮಿನ ಸಿ.ಡಿ., ಜೊತೆಗೆ ಎರಡು ಪುಟದ ವರದಿ. "ಡಾಕ್ಟರೇ, ನನಗೆ ಎಪ್ಪತ್ತು ಪರ್ಸೆಂಟ್ ಬ್ಲಾಕ್ ಉಂಟಂತೆ. ಸ್ಟೆಂಟ್ ಹಾಕಿಸಬೇಕಾ, ಬೇಡವಾ?" ಎಂದು ಕೇಳಿದರು. (ಸ್ಟೆಂಟ್ ಎಂದರೆ ಕಿರಿದಾದ ನಾಳವನ್ನು ತೆರೆದಿಡಲು ಒಳಗೆ ಕೂರಿಸುವ ಲೋಹದ ಸಣ್ಣ ಜಾಲರಿ.) ಗುಡ್ಡೆ ಹತ್ತುವಾಗ ಎದೆ ಹಿಡಿದಂತಾಗುತ್ತದೆಯೇ ಎಂದು ಕೇಳಿದೆ. ಇಲ್ಲವಂತೆ. ಹಾಗಾದರೆ ಆಂಜಿಯೋಗ್ರಾಂ ಯಾಕೆ ಮಾಡಿಸಿದಿರಿ? "ಮಗಳು ಚೆಕಪ್ ಮಾಡಿಸಿದಳು, ಅಲ್ಲಿಂದ ಇಲ್ಲಿಯವರೆಗೆ ಬಂತು" ಎಂದರು. ಅವರ ಪ್ರಶ್ನೆಗೆ ಒಂದು ಗಂಟೆ ಬೇಕು, ಒಳಗೆ ಬಂದು ಕೂತುಕೊಳ್ಳಿ ಎಂದಿದ್ದೇನೆ. ಎರಡನೆಯ ಸಾಲಿನಲ್ಲಿ ಕೂತಿದ್ದಾರೆ.

ಮೊದಲು ಆ ಎಪ್ಪತ್ತನ್ನೇ ನೋಡೋಣ. ಎಪ್ಪತ್ತು ಯಾವುದರದ್ದು?

ಆಂಜಿಯೋಗ್ರಾಂ ಎಂದರೆ ನೆರಳಿನ ಚಿತ್ರ. ಹೃದಯದ ರಕ್ತನಾಳದೊಳಕ್ಕೆ ಡೈ ಬಿಡುತ್ತೇವೆ, ಅದು ಹರಿಯುವುದು ಎಕ್ಸ್‌ರೇಯಲ್ಲಿ ಕಪ್ಪಗೆ ಕಾಣುತ್ತದೆ. ಕಪ್ಪು ಪಟ್ಟಿ ಒಂದು ಕಡೆ ಸಪುರವಾದರೆ ಅಲ್ಲಿ ಬ್ಲಾಕ್. ಎಷ್ಟು ಸಪುರ ಎಂದು ಹೇಳಲು ಪಕ್ಕದ ಚೆನ್ನಾಗಿರುವ ಭಾಗದ ಅಗಲದೊಂದಿಗೆ ಹೋಲಿಸುತ್ತೇವೆ. ಪಕ್ಕದ ಭಾಗವೂ ಕೊಬ್ಬು ಕಟ್ಟಿ ಸಪುರವಾಗಿದ್ದರೆ ಹೋಲಿಕೆಯೇ ತಪ್ಪುತ್ತದೆ. ಇನ್ನೊಂದು ತಮಾಷೆಯೂ ಇದೆ. ಅಗಲದಲ್ಲಿ ಶೇ 50 ಕಡಿಮೆಯಾದ ಕೊಳವೆಯನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ವೃತ್ತದ ವಿಸ್ತೀರ್ಣದಲ್ಲಿ ಶೇ 75 ಕಡಿಮೆಯಾಗಿರುತ್ತದೆ. ಅಗಲದ 70 ಎಂದರೆ ವಿಸ್ತೀರ್ಣದ 91. ಒಬ್ಬ ವೈದ್ಯ ಐವತ್ತು ಎಂದು, ಮತ್ತೊಬ್ಬ ಎಪ್ಪತ್ತೈದು ಎಂದು ಹೇಳಿ, ಇಬ್ಬರೂ ಸುಳ್ಳು ಹೇಳದೇ ಇರಲು ಸಾಧ್ಯ. ಅದರ ಮೇಲೆ, ನಮ್ಮಲ್ಲಿ ಹೆಚ್ಚಿನವರು ಈ ಸಂಖ್ಯೆಯನ್ನು ಕಣ್ಣಂದಾಜಿನಲ್ಲಿ ಹೇಳುತ್ತೇವೆ. ಚಿನ್ನದಂಗಡಿಯಲ್ಲಿ ಯಾರಾದರೂ ಕಣ್ಣಂದಾಜಿನಲ್ಲಿ ತೂಕ ಹೇಳಿದರೆ ನೀವು ಒಪ್ಪುತ್ತೀರಾ?

ಆದರೆ ನನ್ನ ದೂರು ಅಳತೆಯ ಒರಟುತನದ ಮೇಲೆ ಅಲ್ಲ. ಅಗಲವನ್ನು ಕೂದಲೆಳೆಯಷ್ಟು ಕರಾರುವಾಕ್ಕಾಗಿ ಅಳೆದರೂ ಅದು ಬೇರೆ ಯಾವುದೋ ಪ್ರಶ್ನೆಗೆ ಉತ್ತರ. ಹೃದಯದ ಸ್ನಾಯುವಿಗೆ ಬೇಕಾದದ್ದು ಅಗಲವಲ್ಲ, ರಕ್ತ. ಕೇಳಬೇಕಾದ ಪ್ರಶ್ನೆ ಒಂದೇ: ಕೆಲಸ ಹೆಚ್ಚಾದಾಗ ಬೇಕಾದಷ್ಟು ರಕ್ತ ಆ ಕಿರಿದನ್ನು ದಾಟಿ ಹೋಗುತ್ತದೆಯೇ?

ಈ ಪ್ರಶ್ನೆ ಹೃದಯದ ವಿಷಯದಲ್ಲಿ ಮಾತ್ರ ಇಷ್ಟು ತೀವ್ರವಾಗಲು ಒಂದು ಕಾರಣವಿದೆ. ಮುಷ್ಟಿಯಷ್ಟು ದೊಡ್ಡ ಅಂಗ, ಮುನ್ನೂರು ಗ್ರಾಂ ಆಸುಪಾಸು. ದೇಹದ ತೂಕದಲ್ಲಿ ಶೇ ಅರ್ಧವೂ ಇಲ್ಲ. ಆದರೆ ನಿಮಿಷಕ್ಕೆ ತಾನೇ ಹೊರಹಾಕುವ ಐದು ಲೀಟರ್ ರಕ್ತದಲ್ಲಿ ಶೇ 5ರಷ್ಟನ್ನು, ಎಂದರೆ ಸುಮಾರು ಕಾಲು ಲೀಟರನ್ನು, ತನಗೇ ಇಟ್ಟುಕೊಳ್ಳುತ್ತದೆ. ಉಳಿದ ದೇಹ ವಿಶ್ರಾಂತಿಯಲ್ಲಿರುವಾಗ ತನಗೆ ಬಂದ ಆಮ್ಲಜನಕದಲ್ಲಿ ಕಾಲುಭಾಗ ಬಳಸಿ ಉಳಿದದ್ದನ್ನು ಹಿಂದಕ್ಕೆ ಕಳಿಸುತ್ತದೆ. ಹೃದಯದ ಸ್ನಾಯು ಹಾಗಲ್ಲ. ನೀವು ಇಲ್ಲಿ ಸುಮ್ಮನೆ ಕೂತಿರುವಾಗಲೇ ಅದು ಬಂದ ಆಮ್ಲಜನಕದ ಶೇ 70–75ನ್ನು ಹೀರಿಬಿಡುತ್ತದೆ. ಕಾಲಿನ ಸ್ನಾಯುವಿಗೆ ಹೆಚ್ಚು ಬೇಕಾದರೆ ಅದೇ ರಕ್ತದಿಂದ ಹೆಚ್ಚು ಹಿಂಡಿಕೊಳ್ಳಬಹುದು. ಹೃದಯಕ್ಕೆ ಹಿಂಡಲು ಉಳಿದದ್ದು ಅಷ್ಟಕ್ಕಷ್ಟೆ. ಅದಕ್ಕೆ ಹೆಚ್ಚು ಬೇಕೆಂದರೆ ಹರಿವೇ ಹೆಚ್ಚಬೇಕು. ಮೂರು ಪಟ್ಟು, ನಾಲ್ಕು ಪಟ್ಟು.

ಅಷ್ಟು ಹೆಚ್ಚುವುದು ಹೇಗೆ? ಚಿತ್ರದಲ್ಲಿ ಕಾಣುವ ದೊಡ್ಡ ನಾಳಗಳು ಬರೀ ಸಾಗಾಟದ ಪೈಪುಗಳು. ನಿಯಂತ್ರಣ ಇರುವುದು ಸ್ನಾಯುವಿನೊಳಗೆ ಹರಡಿರುವ, ಯಾವ ಆಂಜಿಯೋಗ್ರಾಮಿನಲ್ಲೂ ಬಿಡಿಯಾಗಿ ಕಾಣದ ಸಣ್ಣ ನಾಳಗಳಲ್ಲಿ. ಅವು ಸಂಕುಚಿಸಿದರೆ ಹರಿವು ಕಡಿಮೆ, ಅರಳಿದರೆ ಹೆಚ್ಚು.

ಈ ಊರಿನವರಿಗೆ ಇದನ್ನು ವಿವರಿಸುವುದು ಸುಲಭ. ನನ್ನ ತಂದೆಯ ಕಾಲದಲ್ಲಿ ಅಡಿಕೆ ಮರದ ದಂಬೆಯಲ್ಲಿ ತೋಟಕ್ಕೆ ನೀರು ಬರುತ್ತಿತ್ತು, ಆಮೇಲೆ ಸ್ಪ್ರಿಂಕ್ಲರ್ ಬಂತು. ಗುಡ್ಡೆಯ ಮೇಲೆ ಟ್ಯಾಂಕ್, ಅಲ್ಲಿಂದ ಕೆಳಗೆ ಮುಖ್ಯ ಪೈಪ್, ನಡುವೆ ಒಂದು ಗೇಟ್‌ವಾಲ್ವ್, ತೋಟದ ತುಂಬ ಜೆಟ್‌ಗಳು. ವಾಲ್ವ್ ತುಕ್ಕು ಹಿಡಿದು ಅರ್ಧಕ್ಕೆ ನಿಂತಿದೆ ಎಂದುಕೊಳ್ಳಿ. ಒಂದೇ ಜೆಟ್ ತಿರುಗುತ್ತಿದ್ದರೆ ನಿಮಗೆ ಏನೂ ಗೊತ್ತಾಗುವುದಿಲ್ಲ, ಚೆನ್ನಾಗಿಯೇ ತಿರುಗುತ್ತದೆ. ಎಲ್ಲ ಜೆಟ್‌ಗಳನ್ನೂ ಒಟ್ಟಿಗೆ ತೆರೆದಾಗ ಮಾತ್ರ ತುದಿಯ ಸಾಲಿನವು ತಲೆ ಬಾಗಿಸಿ ಬುಡದಲ್ಲೇ ನೀರು ಚೆಲ್ಲುತ್ತವೆ. ವಾಲ್ವ್ ಕೆಟ್ಟಿದೆಯೇ ಎಂದು ನೋಡಲು ಅದರ ಫೋಟೋ ತೆಗೆಯಬೇಕಾಗಿಲ್ಲ. ಎಲ್ಲ ಜೆಟ್ ತೆರೆದು, ವಾಲ್ವಿನ ಮೇಲೆ ಒಂದು ಪ್ರೆಷರ್ ಗೇಜ್, ಕೆಳಗೆ ಒಂದು ಗೇಜ್ ಇಟ್ಟರೆ ಸಾಕು.

ಒಂದು ಕಡೆ ಈ ಹೋಲಿಕೆ ಸೋಲುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ತೋಟದ ಜೆಟ್‌ಗಳಿಗೆ ಬುದ್ಧಿ ಇಲ್ಲ. ಹೃದಯದ ಸಣ್ಣ ನಾಳಗಳಿಗೆ ಇದೆ. ಮೇಲೆ ವಾಲ್ವ್ ಕಿರಿದಾಗುತ್ತಾ ಬಂದಂತೆ ಕೆಳಗೆ ಅವು ತಾವಾಗಿಯೇ ಅರಳಿ ಕೊರತೆಯನ್ನು ಮುಚ್ಚಿಹಾಕುತ್ತವೆ. ಓಡುವಾಗ ಬೇಕೆಂದು ಇಟ್ಟುಕೊಂಡ ಮೀಸಲನ್ನು ಕೂತಲ್ಲೇ ಖರ್ಚು ಮಾಡುತ್ತವೆ. ಅಮೆರಿಕದ ಲ್ಯಾನ್ಸ್ ಗೌಲ್ಡ್ ಎಂಬ ವೈದ್ಯರು 1974ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ನಾಯಿಗಳ ಹೃದಯದ ನಾಳವನ್ನು ಅವರು ಸ್ವಲ್ಪಸ್ವಲ್ಪವೇ ಬಿಗಿಯುತ್ತಾ ಹೋದರು. ಅಗಲ ಶೇ 85ರಷ್ಟು ಕಿರಿದಾಗುವವರೆಗೆ ವಿಶ್ರಾಂತಿಯ ಹರಿವು ಅಲುಗಲೇ ಇಲ್ಲ. ಗರಿಷ್ಠ ಹರಿವು ಮಾತ್ರ ಅರ್ಧದಷ್ಟು ಕಿರಿದಾಗುವ ಹೊತ್ತಿಗಾಗಲೇ ತಗ್ಗತೊಡಗಿತ್ತು. ಮಲಗಿದ ರೋಗಿಯ ವಿಶ್ರಾಂತಿಯ ಇಸಿಜಿ ಎಷ್ಟೋ ಸಲ ನಾರ್ಮಲ್ ಬರುವುದು ಇದಕ್ಕೇ.

ನಿಜ ಹೇಳಬೇಕೆಂದರೆ ಈ ಪರೀಕ್ಷೆಯನ್ನು ಗುಡ್ಡೆಗಳು ಮೊದಲಿನಿಂದಲೂ ಮಾಡುತ್ತಲೇ ಬಂದಿವೆ. 1768ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಹೆಬರ್ಡನ್ ಎಂಬ ವೈದ್ಯರು ಎದೆನೋವಿನ ಒಂದು ಬಗೆಯನ್ನು ವಿವರಿಸಿದರು. ನಡೆಯುವಾಗ ಬರುತ್ತದೆ, ಅದರಲ್ಲೂ ಏರು ಹತ್ತುವಾಗ, ಊಟದ ನಂತರ ಇನ್ನೂ ಬೇಗ. ನಿಂತ ಕೂಡಲೇ ಹೋಗುತ್ತದೆ. ರಕ್ತನಾಳದ ಸಂಗತಿ ಅವರಿಗೆ ಗೊತ್ತಿರಲಿಲ್ಲ, ಆದರೆ ಹರಿವಿನ ಕೊರತೆಯ ಲಕ್ಷಣವನ್ನು ಅವರಿಗಿಂತ ಚೆನ್ನಾಗಿ ಇಂದಿಗೂ ಯಾರೂ ಬರೆದಿಲ್ಲ ಎಂದು ನನ್ನ ಅನಿಸಿಕೆ. ಬಾಗಿಲಲ್ಲಿ ಆ ಹಿರಿಯರಿಗೆ ನಾನು ಮೊದಲು ಗುಡ್ಡೆಯ ಪ್ರಶ್ನೆ ಕೇಳಿದ್ದು ಮಾತಿಗೆ ಮಾತು ಸೇರಿಸಲು ಅಲ್ಲ.

ಚಿತ್ರ ಹುಟ್ಟಿದ್ದು ಆಕಸ್ಮಿಕವಾಗಿ. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮೇಸನ್ ಸೋನ್ಸ್ ಎಂಬವರು ಹೃದಯದ ಕವಾಟದ ಕಾಯಿಲೆಯಿದ್ದ ಯುವಕನೊಬ್ಬನಿಗೆ ಮಹಾಪಧಮನಿಯಲ್ಲಿ, ಎಂದರೆ ಹೃದಯದಿಂದ ಹೊರಡುವ ದೊಡ್ಡ ನಾಳದಲ್ಲಿ, ಡೈ ಬಿಡುವವರಿದ್ದರು. ಡೈ ಬಿಡುವ ಸಪುರ ಕೊಳವೆ, ಕ್ಯಾಥಿಟರ್, ಜಾರಿ ಹೃದಯಕ್ಕೇ ರಕ್ತ ಕೊಡುವ ಬಲಗಡೆಯ ಕೊರೊನರಿ ನಾಳದ ಬಾಯಿಗೆ ಹೋಗಿಬಿಟ್ಟಿತು, ಡೈಯೆಲ್ಲ ಅದರೊಳಕ್ಕೆ ನುಗ್ಗಿತು. ಹೃದಯ ಕೆಲವು ಸೆಕೆಂಡ್ ನಿಂತೇಹೋಯಿತು. ಕೆಮ್ಮು, ಕೆಮ್ಮು ಎಂದು ರೋಗಿಯನ್ನು ಕೆಮ್ಮಿಸಿದರು, ಬಡಿತ ಮರಳಿತು. ಇಷ್ಟು ಡೈ ಹೋದರೂ ಸಾಯಲಿಲ್ಲ ಎಂದಾದರೆ ಬೇಕೆಂದೇ ಸ್ವಲ್ಪ ಬಿಟ್ಟು ಚಿತ್ರ ತೆಗೆಯಬಹುದಲ್ಲವೇ? ಅಲ್ಲಿಂದ ಶುರುವಾದದ್ದು ಇಂದಿನ ಆಂಜಿಯೋಗ್ರಾಂ. ಅದು ಬಂದಿರದಿದ್ದರೆ ಬೈಪಾಸ್ ಇಲ್ಲ, ಸ್ಟೆಂಟ್ ಇಲ್ಲ. ನಾನು ಚಿತ್ರದ ವಿರೋಧಿಯಲ್ಲ.

1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಮೊದಲ ಬಾರಿಗೆ ಎಚ್ಚರವಿದ್ದ ರೋಗಿಯ ಕೊರೊನರಿ ನಾಳವನ್ನು ಬಲೂನಿನಿಂದ ಹಿಗ್ಗಿಸಿದರು. ಈ ಕತೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಸಂಗತಿಯೆಂದರೆ ಅವರ ಬಲೂನ್ ಕ್ಯಾಥಿಟರಿನಲ್ಲಿ ಒತ್ತಡ ಅಳೆಯುವ ದಾರಿಯೂ ಇತ್ತು. ಕಿರಿದಾದ ಜಾಗದ ಮುಂದೆ ಎಷ್ಟು, ಹಿಂದೆ ಎಷ್ಟು ಎಂದು ಅಳೆದು, ಹಿಗ್ಗಿಸಿದ ಮೇಲೆ ವ್ಯತ್ಯಾಸ ಇಳಿಯಿತೇ ಎಂದು ನೋಡುತ್ತಿದ್ದರು. ಬಲೂನ್ ಚಿಕಿತ್ಸೆ ಹುಟ್ಟಿದಾಗ ಗೇಜ್ ಅದರ ಜೊತೆಯಲ್ಲೇ ಇತ್ತು! ಆದರೆ ಕ್ಯಾಥಿಟರ್ ದಪ್ಪ. ಕಿರಿದಾದ ಜಾಗದಲ್ಲಿ ಅದೇ ಅರ್ಧ ಅಡ್ಡಿಯಾಗುತ್ತಿತ್ತು, ಅಳತೆ ನಂಬುವಂತಿರಲಿಲ್ಲ. ಸಲಕರಣೆಗಳು ಸಪುರವಾಗುತ್ತಾ ಬಂದಂತೆ ಒತ್ತಡದ ದಾರಿಯನ್ನೇ ಕೈಬಿಟ್ಟರು. ಚಿತ್ರ ಒಂದೇ ಉಳಿಯಿತು.

ಗೇಜನ್ನು ಮತ್ತೆ ತಂದವರು ನೆದರ್‌ಲ್ಯಾಂಡ್ಸಿನ ನಿಕೋ ಪೈಲ್ಸ್ ಮತ್ತು ಬೆಲ್ಜಿಯಂನ ಬರ್ನಾರ್ಡ್ ಡಿ ಬ್ರೂಯ್ನ. 1993ರ ಅವರ ಪ್ರಬಂಧದಿಂದ ಬಂದ ಅಳತೆಯ ಹೆಸರು ಫ್ರಾಕ್ಷನಲ್ ಫ್ಲೋ ರಿಸರ್ವ್, ಚುಟುಕಾಗಿ ಎಫ್‌ಎಫ್‌ಆರ್. ಕನ್ನಡದಲ್ಲಿ ಹೇಳುವುದಾದರೆ, ಈ ನಾಳ ಪೂರ್ತಿ ಚೆನ್ನಾಗಿದ್ದರೆ ಗರಿಷ್ಠ ಎಷ್ಟು ರಕ್ತ ಹರಿಯಬಹುದಿತ್ತೋ ಅದರಲ್ಲಿ ಈಗ ಎಷ್ಟು ಪಾಲು ಹರಿಯುತ್ತಿದೆ ಎಂಬ ಸಂಖ್ಯೆ. 1 ಎಂದರೆ ಪೂರ್ತಿ. 0.72 ಎಂದರೆ ನೂರು ಬರಬೇಕಾದಲ್ಲಿ ಎಪ್ಪತ್ತೆರಡು.

ಹರಿವನ್ನು ಹೇಳುವ ಸಂಖ್ಯೆಯನ್ನು ಒತ್ತಡದಿಂದ ಪಡೆಯುವುದು ಹೇಗೆ ಎಂದು ಮುಂದಿನ ಸಾಲಿನ ವಿಜ್ಞಾನದ ಮಾಸ್ತರರು ಹುಬ್ಬು ಗಂಟಿಕ್ಕಿದ್ದಾರೆ. ಸರಿಯಾದ ಅನುಮಾನ. ಹರಿವು ಎಂದರೆ ಒತ್ತಡವನ್ನು ತಡೆಯಿಂದ ಭಾಗಿಸಿದ್ದು. ತಡೆ ಬದಲಾಗುತ್ತಿದ್ದರೆ ಒತ್ತಡದಿಂದ ಏನೂ ಹೇಳಲಾಗದು. ಆದರೆ ಸಣ್ಣ ನಾಳಗಳನ್ನೆಲ್ಲ ಔಷಧಿ ಕೊಟ್ಟು ಪೂರ್ತಿ ಅರಳಿಸಿಬಿಟ್ಟರೆ? ಆಗ ಅವುಗಳ ತಡೆ ಇಳಿಯುವಷ್ಟು ಇಳಿದು ಅಲ್ಲೇ ನಿಲ್ಲುತ್ತದೆ. ಅಂಶದಲ್ಲೂ ಛೇದದಲ್ಲೂ ಅದೇ ತಡೆ, ಎರಡೂ ಹೊಡೆದುಹೋಗುತ್ತವೆ, ಒತ್ತಡಗಳ ಅನುಪಾತವೇ ಹರಿವಿನ ಅನುಪಾತವಾಗುತ್ತದೆ. ಛೇದದಲ್ಲಿ ಮಹಾಪಧಮನಿಯ ಒತ್ತಡವನ್ನು ಯಾಕೆ ಇಡುತ್ತೇವೆ? ಆರೋಗ್ಯವಂತ ಕೊರೊನರಿ ನಾಳದಲ್ಲಿ ಬುಡದಿಂದ ತುದಿಯವರೆಗೆ ಒತ್ತಡ ಹೆಚ್ಚುಕಡಿಮೆ ಬೀಳುವುದೇ ಇಲ್ಲ. ಇದು ಹೊಸ ಸಂಗತಿಯಲ್ಲ. ಫ್ರಾನ್ಸಿನ ಪ್ವಾಜೆಯ್ ಎಂಬ ವೈದ್ಯ 1828ರಲ್ಲೇ ಪಾದರಸದ ಮಾಪಕವನ್ನು ಪ್ರಾಣಿಗಳ ಅಪಧಮನಿಗಳಿಗೆ ಜೋಡಿಸಿ, ಹೃದಯದಿಂದ ದೂರದ ಸಣ್ಣ ಅಪಧಮನಿಗಳಲ್ಲೂ ಒತ್ತಡ ಸುಮಾರು ಅಷ್ಟೇ ಇರುವುದನ್ನು ಕಂಡಿದ್ದ. ಕೊಳವೆ ಕಿರಿದಾದಂತೆ ತಡೆ ಅಗಲದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಏರುತ್ತದೆ, ಎಂದರೆ ಅಗಲ ಅರ್ಧವಾದರೆ ತಡೆ ಹದಿನಾರು ಪಟ್ಟು ಎಂದು ಪಿಯುಸಿಯಲ್ಲಿ ಓದಿದ್ದೀರಲ್ಲ, ಆ ನಿಯಮವೂ ಅವನದ್ದೇ.

ಆಂಜಿಯೋಗ್ರಾಂ ಮಾಡುವ ಕೋಣೆಯಲ್ಲಿ, ಎಂದರೆ ಕ್ಯಾಥ್ ಲ್ಯಾಬಿನಲ್ಲಿ, ನಡೆಯುವುದು ಹೀಗೆ. ಮಣಿಕಟ್ಟಿನ ನಾಳದಿಂದ ಸಪುರ ಕ್ಯಾಥಿಟರ್ ಮೇಲಕ್ಕೆ ಹೋಗಿ ಕೊರೊನರಿಯ ಬಾಯಿಯಲ್ಲಿ ಕೂರುತ್ತದೆ. ಅದು ಮೇಲಿನ ಗೇಜ್. ಅದರೊಳಗಿಂದ ಒಂದು ತಂತಿ, ದಪ್ಪ 0.36 ಮಿಲಿಮೀಟರ್. ತುದಿಯಿಂದ ಸುಮಾರು ಮೂರು ಸೆಂಟಿಮೀಟರ್ ಹಿಂದೆ ಒತ್ತಡದ ಸಂವೇದಕ. ಮೊದಲು ಅದನ್ನು ನಾಳದ ಬಾಯಿಯಲ್ಲೇ ನಿಲ್ಲಿಸಿ ಎರಡೂ ಗೇಜ್‌ಗಳನ್ನು ಸಮ ಮಾಡಿಕೊಳ್ಳುತ್ತೇವೆ. ಆಮೇಲೆ ಕಿರಿದನ್ನು ದಾಟಿಸಿ ಆಚೆ ಇಡುತ್ತೇವೆ. ಅಡಿನೋಸಿನ್ ಎಂಬ ಔಷಧಿಯನ್ನು ನರಕ್ಕೆ ಹರಿಸುತ್ತೇವೆ, ದೇಹತೂಕದ ಕಿಲೋಗೆ ನಿಮಿಷಕ್ಕೆ 140 ಮೈಕ್ರೋಗ್ರಾಂನಂತೆ. ಎಲ್ಲ ಜೆಟ್‌ಗಳೂ ತೆರೆದುಕೊಳ್ಳುವುದು ಆಗ. ರೋಗಿಗೆ ಎದೆ ಭಾರ, ಮುಖ ಬಿಸಿ, ಉಸಿರು ಬಿಗಿದಂತೆ. ಮೊದಲೇ ಹೇಳದಿದ್ದರೆ ಹೆದರಿಬಿಡುತ್ತಾರೆ. ರಕ್ತದಲ್ಲಿ ಅದರ ಆಯುಷ್ಯ ಕೆಲವೇ ಸೆಕೆಂಡ್, ನಿಲ್ಲಿಸಿದರೆ ಬೇಗನೆ ಎಲ್ಲ ತಿಳಿಯಾಗುತ್ತದೆ. ಕಾಫಿ, ಚಹಾದ ಕೆಫೀನ್ ಈ ಔಷಧಿಗೆ ಅಡ್ಡಗಾಲು ಹಾಕುತ್ತದೆ. ಹಿಂದಿನ ದಿನದಿಂದ ಕಾಫಿ ಬೇಡ ಎಂದರೆ ನಮ್ಮ ಜಿಲ್ಲೆಯ ರೋಗಿಗಳಿಗೆ ಆಂಜಿಯೋಗ್ರಾಮಿಗಿಂತ ಅದೇ ದೊಡ್ಡ ಶಿಕ್ಷೆ.

ಪರದೆಯ ಮೇಲೆ ಎರಡು ಗೆರೆ. ಕೆಂಪು ಮೇಲಿನದ್ದು, ಹಸಿರು ಆಚೆಯದ್ದು. ಒಟ್ಟಿಗೆ ಇದ್ದವು ನಿಧಾನಕ್ಕೆ ಬೇರೆಯಾಗುತ್ತವೆ. ಮೇಲೆ ಸರಾಸರಿ 96, ಆಚೆ 69 ಎಂದಿಟ್ಟುಕೊಳ್ಳಿ. ಭಾಗಿಸಿದರೆ 0.72. ಇಂದು ನಾವು ಇಟ್ಟುಕೊಂಡಿರುವ ಗಡಿ 0.80. ಅದಕ್ಕೆ ಸಮ ಅಥವಾ ಕೆಳಗಿದ್ದರೆ ಕಿರಿದು ಹರಿವನ್ನು ಕಟ್ಟಿಹಾಕುತ್ತಿದೆ. ಮೇಲಿದ್ದರೆ ನೋಡಲು ಕೆಟ್ಟದಾಗಿದ್ದರೂ ಬಿಡಬಹುದು. ಕೊನೆಯಲ್ಲಿ ತಂತಿಯನ್ನು ಬಾಯಿಗೆ ಎಳೆದು ಎರಡೂ ಗೆರೆ ಮತ್ತೆ ಒಂದಾಗುತ್ತವೆಯೇ ಎಂದು ನೋಡಲೇಬೇಕು. ಆಗದಿದ್ದರೆ ಗೇಜ್ ನಡುವೆ ಸರಿದಿದೆ ಎಂದರ್ಥ, ಅಳತೆ ಮತ್ತೊಮ್ಮೆ. ಅವಸರದ ದಿನಗಳಲ್ಲಿ ಬಿಟ್ಟುಹೋಗುವುದು ಈ ಕೊನೆಯ ಹೆಜ್ಜೆಯೇ.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಗುಣವಿದೆ. ಕಣ್ಣಿಗೆ ಒಂದೇ ತೆರನಾಗಿ ಕಾಣುವ ಎರಡು ಕಿರಿದುಗಳು ಬೇರೆ ಬೇರೆ ಸಂಖ್ಯೆ ಕೊಡುತ್ತವೆ. ಹೃದಯದ ಮುಂಭಾಗದ ದೊಡ್ಡ ನಾಳದ ಬುಡದಲ್ಲಿ ಶೇ 60 ಇದ್ದರೆ ಅದರ ಕೆಳಗೆ ದೊಡ್ಡ ತೋಟವೇ ಇದೆ, ಬೇಡಿಕೆ ಹೆಚ್ಚು, ಸಂಖ್ಯೆ ಕೆಳಗಿಳಿಯುತ್ತದೆ. ಸಣ್ಣ ಕವಲಿನಲ್ಲಿ ಅದೇ ಶೇ 60 ಇದ್ದರೆ ಕೆಳಗಿರುವುದು ನಾಲ್ಕು ಸಾಲು ಗಿಡ, ಸಂಖ್ಯೆ 0.90 ಇರಬಹುದು. ಹಳೆಯ ಹೃದಯಾಘಾತದಲ್ಲಿ ಸ್ನಾಯು ಸತ್ತು ಕಲೆಗಟ್ಟಿದ್ದರೆ ನೀರು ಕುಡಿಯುವ ಗಿಡವೇ ಇಲ್ಲ, ಅಲ್ಲೂ ಸಂಖ್ಯೆ ಮೇಲೆ. ಪಕ್ಕದ ನಾಳದಿಂದ ಅಡ್ಡದಾರಿಯಲ್ಲಿ ರಕ್ತ ಬರುತ್ತಿದ್ದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ವಾಲ್ವನ್ನೂ ತೋಟವನ್ನೂ ಜೊತೆಯಾಗಿ ಅಳೆಯುವ ಸಂಖ್ಯೆ ಇದು.

ಒಳ್ಳೆಯ ತರ್ಕ ಎಂದ ಮಾತ್ರಕ್ಕೆ ವೈದ್ಯಕೀಯದಲ್ಲಿ ನಂಬಬಾರದು. ಪುರಾವೆ ಏನಿದೆ?

1996ರಲ್ಲಿ ಪೈಲ್ಸ್ ತಂಡ ಎದೆನೋವು ಮತ್ತು ಮಧ್ಯಮ ಮಟ್ಟದ ಕಿರಿದು ಇದ್ದ 45 ಜನರನ್ನು ಪರೀಕ್ಷಿಸಿತು. ಆಗಿನ ಗಡಿಯಾದ 0.75ಕ್ಕಿಂತ ಕೆಳಗಿದ್ದ 21 ಜನರಲ್ಲಿ ಎಲ್ಲರಿಗೂ ಟ್ರೆಡ್‌ಮಿಲ್ ಮುಂತಾದ ಹೊರಗಿನ ಪರೀಕ್ಷೆಗಳಲ್ಲಿ ಒಂದಾದರೂ ರಕ್ತದ ಕೊರತೆಯನ್ನು ತೋರಿಸಿತು. ಮೇಲಿದ್ದ 24 ಜನರಲ್ಲಿ 21 ಜನರಿಗೆ ಎಲ್ಲ ಪರೀಕ್ಷೆಯೂ ಚೆನ್ನಾಗಿತ್ತು. ಮುಂದಿನ ಪ್ರಶ್ನೆ ಧೈರ್ಯದ್ದು: ಸಂಖ್ಯೆ ಚೆನ್ನಾಗಿದ್ದರೆ ಕಿರಿದನ್ನು ಹಾಗೇ ಬಿಡಬಹುದೇ? ಡಿಫರ್ ಎಂಬ ಅಧ್ಯಯನದಲ್ಲಿ 0.75 ಅಥವಾ ಮೇಲಿದ್ದ 181 ಜನರಲ್ಲಿ, ಚೀಟಿ ಎತ್ತಿದಂತೆ, 91 ಜನರನ್ನು ಔಷಧಿಯ ಮೇಲೆ ಬಿಟ್ಟರು, 90 ಜನರಿಗೆ ಬಲೂನ್ ಚಿಕಿತ್ಸೆ ಮಾಡಿದರು. ಹದಿನೈದು ವರ್ಷಗಳ ನಂತರ ಎರಡೂ ಗುಂಪಿನಲ್ಲಿ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ. ಹೃದಯಾಘಾತ ಮಾತ್ರ ಬಿಟ್ಟವರಲ್ಲಿ ಶೇ 2.2, ಚಿಕಿತ್ಸೆ ಮಾಡಿದವರಲ್ಲಿ ಶೇ 10. ಗುಂಪು ಚಿಕ್ಕದು, ಆ ಅಂತರಕ್ಕೆ ಜೋತುಬೀಳಬಾರದು. ಆದರೆ ಬಿಟ್ಟದ್ದರಿಂದ ಕೇಡಾಗಲಿಲ್ಲ ಎಂಬುದಂತೂ ಗಟ್ಟಿ.

2009ರಲ್ಲಿ ಫೇಮ್ ಎಂಬ ಅಧ್ಯಯನ ಬಂತು. ಅಮೆರಿಕ ಮತ್ತು ಯುರೋಪಿನ 20 ಆಸ್ಪತ್ರೆಗಳು, ಒಂದಕ್ಕಿಂತ ಹೆಚ್ಚು ನಾಳಗಳಲ್ಲಿ ಬ್ಲಾಕ್ ಇದ್ದ 1,005 ಜನ. ಅರ್ಧದಷ್ಟು ಜನರಿಗೆ ಕಣ್ಣಿಗೆ ಕಂಡದ್ದಕ್ಕೆಲ್ಲ ಸ್ಟೆಂಟ್, ಉಳಿದವರಿಗೆ 0.80 ಅಥವಾ ಕೆಳಗಿದ್ದುದಕ್ಕೆ ಮಾತ್ರ. ಒಬ್ಬ ರೋಗಿಗೆ ಬಿದ್ದ ಸ್ಟೆಂಟ್ ಸರಾಸರಿ 2.7ರಿಂದ 1.9ಕ್ಕೆ ಇಳಿಯಿತು. ಒಂದು ವರ್ಷದೊಳಗೆ ಸಾವು, ಹೃದಯಾಘಾತ ಅಥವಾ ಮತ್ತೊಮ್ಮೆ ಚಿಕಿತ್ಸೆ, ಇವುಗಳಲ್ಲಿ ಯಾವುದಾದರೂ ಒಂದು ಎದುರಾದವರು ಮೊದಲ ಗುಂಪಿನಲ್ಲಿ ಶೇ 18.3, ಎರಡನೆಯದರಲ್ಲಿ ಶೇ 13.2. ಕಡಿಮೆ ಲೋಹ, ಕಡಿಮೆ ತೊಂದರೆ. ಅದೇ ಅಧ್ಯಯನದ ಒಂದು ಉಪಲೆಕ್ಕ ನನ್ನ ನಿದ್ದೆ ಕೆಡಿಸಿದ್ದು. ಕಣ್ಣಿಗೆ ಶೇ 50ರಿಂದ 70 ಎಂದು ಕಂಡ ಬ್ಲಾಕ್‌ಗಳಲ್ಲಿ ನಿಜವಾಗಿ ಹರಿವನ್ನು ತಡೆಯುತ್ತಿದ್ದದ್ದು ಶೇ 35 ಮಾತ್ರ. ಶೇ 71ರಿಂದ 90ರವುಗಳಲ್ಲಿಯೂ ಐದಕ್ಕೊಂದು ನಿರಪರಾಧಿ.

ಯಾಕೆ ನಿದ್ದೆ ಕೆಟ್ಟಿತು ಎಂದರೆ, ಅದಕ್ಕೆ ಮೊದಲಿನ ವರ್ಷಗಳಲ್ಲಿ ನಾನು ಎಷ್ಟೋ ಅರವತ್ತು–ಎಪ್ಪತ್ತುಗಳಿಗೆ ಚಿತ್ರ ನೋಡಿಯೇ ಸ್ಟೆಂಟ್ ಹಾಕಿದ್ದೆ. ಯಾರೂ ಒತ್ತಾಯಿಸಿರಲಿಲ್ಲ. ಪರದೆಯ ಮೇಲೆ ಕಿರಿದು ಕಂಡರೆ ಕೈ ತಾನಾಗಿ ಬಲೂನಿನ ಕಡೆ ಹೋಗುತ್ತದೆ. ಹಾಕಿದ ಮೇಲೆ ಚಿತ್ರ ಎಷ್ಟು ಚೆನ್ನಾಗಿ ಕಾಣುತ್ತದೆ ಎಂದರೆ ಮನೆಯವರನ್ನು ಕರೆದು "ನೋಡಿ, ಮೊದಲು ಹೀಗಿತ್ತು, ಈಗ ಹೀಗೆ" ಎಂದು ತೋರಿಸುವ ಆಸೆ. ಅವರೂ ಕೈಮುಗಿಯುತ್ತಾರೆ. ಅವರಲ್ಲಿ ಎಷ್ಟು ಜನರಿಗೆ ಅದು ಬೇಕಿರಲಿಲ್ಲ ಎಂದು ಹೇಳುವ ದಾಖಲೆ ನನ್ನ ಬಳಿ ಇಲ್ಲ, ಯಾಕೆಂದರೆ ನಾನು ಅಳೆದಿರಲಿಲ್ಲ. ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳುವಾಗಿಸುವ ಎರಡೆರಡು ಮಾತ್ರೆ, ಅದರ ರಕ್ತಸ್ರಾವದ ಭಯ, ಹಲ್ಲು ಕೀಳಿಸಲೂ ಹೃದಯದ ಡಾಕ್ಟರರ ಚೀಟಿ. ಬೇಡದ ಸ್ಟೆಂಟ್ ಎಂದರೆ ಬರೀ ದುಡ್ಡಿನ ನಷ್ಟವಲ್ಲ.

ಇನ್ನೊಂದು ಬದಿಯ ಪುರಾವೆಯನ್ನೂ ಹೇಳಬೇಕು. 2012ರ ಫೇಮ್ 2 ಅಧ್ಯಯನ ಸಂಖ್ಯೆ ಕೆಳಗಿದ್ದವರನ್ನು ತೆಗೆದುಕೊಂಡು ಸ್ಟೆಂಟ್ ಮತ್ತು ಬರೀ ಔಷಧಿಯನ್ನು ಹೋಲಿಸಿತು. ತುರ್ತಾಗಿ ಚಿಕಿತ್ಸೆ ಬೇಕಾದವರು ಸ್ಟೆಂಟಿನ ಗುಂಪಿನಲ್ಲಿ ಶೇ 1.6, ಔಷಧಿಯ ಗುಂಪಿನಲ್ಲಿ ಶೇ 11.1. ಅಂತರ ದೊಡ್ಡದೆಂದು ಅಧ್ಯಯನವನ್ನು ಅರ್ಧದಲ್ಲೇ ನಿಲ್ಲಿಸಿದರು. ಆದರೆ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೇಲಾಗಿ ತನಗೆ ಸ್ಟೆಂಟ್ ಬಿದ್ದಿಲ್ಲ ಎಂದು ರೋಗಿಗೆ ಗೊತ್ತಿತ್ತು. ಎದೆಯಲ್ಲಿ ಸ್ವಲ್ಪ ಚುಳುಕ್ ಎಂದರೂ ಆಸ್ಪತ್ರೆಗೆ ಓಡುವುದು ಸಹಜ. ಈ ಅನುಮಾನವನ್ನು ನೇರವಾಗಿ ಪರೀಕ್ಷಿಸಿದವರು ಲಂಡನ್ನಿನ ತಂಡ. 2017ರ ಆರ್ಬಿಟಾ ಅಧ್ಯಯನದಲ್ಲಿ 200 ಜನ, ಎಲ್ಲರಿಗೂ ಒಂದೇ ನಾಳದಲ್ಲಿ ಶೇ 70 ಅಥವಾ ಹೆಚ್ಚಿನ ಬ್ಲಾಕ್. ಅರ್ಧದಷ್ಟು ಜನರಿಗೆ ಸ್ಟೆಂಟ್ ಹಾಕಿದಂತೆ ನಟಿಸಿದರು, ಹಾಕಲಿಲ್ಲ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಆಮೇಲೆ ನೋಡಿಕೊಂಡ ವೈದ್ಯರಿಗೂ ಗೊತ್ತಿಲ್ಲ. ಟ್ರೆಡ್‌ಮಿಲ್ ಮೇಲೆ ಓಡಿದ ಅವಧಿಯಲ್ಲಿ ಎರಡೂ ಗುಂಪಿನ ಅಂತರ 16.6 ಸೆಕೆಂಡ್, ಅದೂ ಆಕಸ್ಮಿಕವಿರಬಹುದು ಎನ್ನುವಷ್ಟು. ನಮ್ಮ ವೃತ್ತಿಗೆ ಬಿದ್ದ ದೊಡ್ಡ ಕಪಾಳಮೋಕ್ಷ ಅದು. 2023ರಲ್ಲಿ ಅದೇ ತಂಡ ಎದೆನೋವಿನ ಮಾತ್ರೆಗಳನ್ನು ನಿಲ್ಲಿಸಿದ 301 ಜನರ ಮೇಲೆ ಅದೇ ರೀತಿಯ ಪರೀಕ್ಷೆ ಮಾಡಿದಾಗ ಸ್ಟೆಂಟ್ ಬಿದ್ದವರಿಗೆ ಎದೆನೋವು ನಿಜವಾಗಿಯೂ ಕಡಿಮೆಯಾಯಿತು. ಸ್ಟೆಂಟ್ ಅಥವಾ ಬೈಪಾಸನ್ನು ಬರೀ ಔಷಧಿಯೊಂದಿಗೆ ಹೋಲಿಸಿದ 5,179 ಜನರ 2020ರ ಇಸ್ಕೀಮಿಯಾ ಅಧ್ಯಯನವೂ ಸೇರಿ ಒಟ್ಟು ಚಿತ್ರ ನನಗೆ ಕಾಣುವುದು ಹೀಗೆ: ಹೃದಯಾಘಾತವಾಗಿ ಬಂದಿರದ ಸ್ಥಿರ ರೋಗಿಯಲ್ಲಿ ಸ್ಟೆಂಟ್ ನೋವಿಗೆ ಮದ್ದು, ಆಯುಷ್ಯಕ್ಕೆ ಅಲ್ಲ. ನೋವಿದೆಯೇ, ಆ ನೋವು ಈ ಕಿರಿದಿನದ್ದೇ ಎಂದು ಹೇಳಲು ಅಳತೆ ಬೇಕು. ಮೂರೂ ನಾಳಗಳು ಕೆಟ್ಟಿದ್ದರೆ ಅಳತೆ ಕೂಡ ಬೈಪಾಸಿಗೆ ಬದಲಿಯಲ್ಲ. 1,500 ಜನರ ಫೇಮ್ 3ರಲ್ಲಿ ಅಳೆದು ಸ್ಟೆಂಟ್ ಹಾಕಿದವರಿಗೆ ಒಂದು ವರ್ಷದಲ್ಲಿ ಶೇ 10.6 ತೊಂದರೆ, ಬೈಪಾಸ್ ಆದವರಿಗೆ ಶೇ 6.9.

ಹೃದಯಾಘಾತವಾಗಿ ಬಂದವರ ವಿಷಯವೇ ಬೇರೆ. ಅಲ್ಲಿ ಮುಚ್ಚಿದ ನಾಳವನ್ನು ತೆರೆಯಬೇಕು, ಗೇಜ್ ಹುಡುಕುತ್ತಾ ಕೂರಬಾರದು. ದಯವಿಟ್ಟು ಇವತ್ತಿನ ಮಾತನ್ನು ಕೇಳಿ ಯಾರೂ ಹೃದಯಾಘಾತದ ರೋಗಿಯ ಪಕ್ಕದಲ್ಲಿ ನಿಂತು "ಎಫ್‌ಎಫ್‌ಆರ್ ಮಾಡಿದಿರಾ?" ಎಂದು ಕೇಳಬೇಡಿ.

ಹೊಸ ದಾರಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಔಷಧಿ ಕೊಡದೆ, ಹೃದಯ ಸಡಿಲಗೊಂಡಿರುವ ಒಂದು ಕ್ಷಣದಲ್ಲಿ ಮಾತ್ರ ಒತ್ತಡಗಳನ್ನು ಹೋಲಿಸುವ ಐಎಫ್‌ಆರ್ ಎಂಬ ಅಳತೆಯಿದೆ, ಗಡಿ 0.89. 2017ರ ಎರಡು ದೊಡ್ಡ ಅಧ್ಯಯನಗಳಲ್ಲಿ ಅದು ಹಳೆಯದಕ್ಕೆ ಸಮನಾಗಿ ನಿಂತಿತು. ಸಿ.ಟಿ. ಸ್ಕ್ಯಾನಿನ ಚಿತ್ರದಿಂದ ಕಂಪ್ಯೂಟರಿನಲ್ಲಿ ಹರಿವನ್ನು ಲೆಕ್ಕ ಹಾಕುವ ವಿಧಾನಕ್ಕೆ ಅಮೆರಿಕದಲ್ಲಿ 2014ರಲ್ಲಿ ಅನುಮತಿ ಸಿಕ್ಕಿತು. ಆಂಜಿಯೋಗ್ರಾಮಿನಿಂದಲೇ ಲೆಕ್ಕ ಹಾಕುವುದೂ ಬಂದಿದೆ. ಅದು ಚೀನಾದ ಅಧ್ಯಯನದಲ್ಲಿ ಕಣ್ಣಂದಾಜಿಗಿಂತ ಮೇಲಾಯಿತು, ಯುರೋಪಿನಲ್ಲಿ ನಿಜವಾದ ತಂತಿಯ ಎದುರು ನಿಲ್ಲಲಿಲ್ಲ. ಕಣ್ಣಂದಾಜನ್ನು ಸೋಲಿಸುವುದು ಕಷ್ಟವಲ್ಲ ಎಂದು ನಾನು ಇದನ್ನು ಓದಿಕೊಂಡಿದ್ದೇನೆ.

ಈಗ ಪ್ರಶ್ನೆಗಳು.

"ಇಷ್ಟು ಒಳ್ಳೆಯದಾದರೆ ಎಲ್ಲ ಕಡೆ ಯಾಕೆ ಮಾಡುವುದಿಲ್ಲ?" ಎಂದು ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಕೇಳಿದರು. ನಿಮ್ಮ ಹಳೆಯ ಕೆಲಸದಲ್ಲೇ ಉತ್ತರವಿದೆ ಎಂದೆ. 2017ರ ಫೆಬ್ರುವರಿಗೆ ಮೊದಲು ನಮ್ಮ ದೇಶದಲ್ಲಿ ಔಷಧಿ ಲೇಪಿತ ಸ್ಟೆಂಟ್ ಒಂದಕ್ಕೆ ಲಕ್ಷ ದಾಟುವುದು ಮಾಮೂಲಾಗಿತ್ತು. ಸರಕಾರ ಅದಕ್ಕೆ 29,600 ರೂಪಾಯಿ, ಲೇಪವಿಲ್ಲದ್ದಕ್ಕೆ 7,260 ರೂಪಾಯಿ ಎಂದು ಮಿತಿ ಹಾಕಿತು. ಬಡವರಿಗೆ ದೊಡ್ಡ ಉಪಕಾರವಾಯಿತು. ಆದರೆ ಒತ್ತಡದ ತಂತಿ ಒಮ್ಮೆ ಬಳಸಿ ಎಸೆಯುವಂಥದ್ದು, ಬೆಲೆ ಹಗುರವಲ್ಲ. ತಂತಿ ಹಾಕಿ, ಅಳೆದು, "ನಿಮಗೆ ಏನೂ ಬೇಡ" ಎಂದು ಕಳಿಸಿದರೆ ಬಿಲ್ಲು ಯಾವುದಕ್ಕೆ ಎಂದು ಮನೆಯವರು ಕೇಳುತ್ತಾರೆ. ಸ್ಟೆಂಟ್ ಹಾಕಿದರೆ ಯಾರೂ ಕೇಳುವುದಿಲ್ಲ. ಇದರಲ್ಲಿ ವೈದ್ಯರ ತಪ್ಪು ಅರ್ಧ, ಉಳಿದರ್ಧ ಹಂಚಿಕೊಳ್ಳಬೇಕಾದವರು ಈ ಸಭೆಯಲ್ಲೂ ಇದ್ದಾರೆ.

ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು, ತನಗೆ ನಡೆದರೆ ಎದೆ ಹಿಡಿಯುತ್ತದೆ, ಆಂಜಿಯೋಗ್ರಾಂ ಮಾತ್ರ ನಾರ್ಮಲ್ ಬಂತು, ಎಲ್ಲರೂ ಗ್ಯಾಸ್ಟ್ರಿಕ್ ಅನ್ನುತ್ತಾರೆ ಎಂದರು. ಅಮ್ಮಾ, ಅದು ಮನಸ್ಸಿನ ಕಾಯಿಲೆಯೇ ಆಗಬೇಕಾಗಿಲ್ಲ. ವಾಲ್ವ್ ಸರಿಯಿದ್ದು ಜೆಟ್‌ಗಳೇ ಕಟ್ಟಿಕೊಂಡಿರಬಹುದು. ಸಣ್ಣ ನಾಳಗಳು ಅರಳದ ಕಾಯಿಲೆ ಹೆಂಗಸರಲ್ಲಿ ಹೆಚ್ಚು ಕಾಣುತ್ತದೆ. ಅದನ್ನು ಎಫ್‌ಎಫ್‌ಆರ್ ಹಿಡಿಯುವುದಿಲ್ಲ. ಹರಿವು ವಿಶ್ರಾಂತಿಯಿಂದ ಗರಿಷ್ಠಕ್ಕೆ ಎಷ್ಟು ಪಟ್ಟು ಏರುತ್ತದೆ ಎಂದು ಬೇರೆಯಾಗಿ ಅಳೆಯಬೇಕು. ಬೇರೆ ಬಗೆಯ ತಂತಿಯಿಂದಲೋ ಪೆಟ್ ಸ್ಕ್ಯಾನಿನಿಂದಲೋ ಅದು ಸಾಧ್ಯ. ಎರಡು ಪಟ್ಟೂ ಏರದಿದ್ದರೆ ನಿಮ್ಮ ನೋವಿಗೆ ಹೆಸರು ಸಿಕ್ಕಂತೆ. ಮದ್ದೂ ಇದೆ.

ಕೊನೆಗೆ ಎರಡನೆಯ ಸಾಲಿನ ಹಿರಿಯರು ಚೀಲ ಎತ್ತಿ ಹಿಡಿದರು. "ಹಾಗಾದರೆ ನನ್ನದು?" ಸಿ.ಡಿ. ನೋಡಿ ಹೇಳಲಾರೆ ಎಂದೆ, ಒತ್ತಡ ಅದರಲ್ಲಿ ದಾಖಲಾಗಿಲ್ಲ. ಬ್ಲಾಕ್ ಯಾವ ನಾಳದ್ದು ಎಂದು ವರದಿಯಲ್ಲಿ ನೋಡಬೇಕು. ಎಡಗಡೆಯ ಮುಖ್ಯ ನಾಳದ ಬುಡದಲ್ಲಾದರೆ ನನ್ನ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಅಲ್ಲವಾದರೆ ಅವಸರವಿಲ್ಲ. ಮೊದಲು ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡೋಣ, ಅನುಮಾನ ಉಳಿದರೆ ತಂತಿ. 0.80ಕ್ಕಿಂತ ಮೇಲೆ ಬಂದರೂ ಕೊಬ್ಬು ಇಳಿಸುವ ಮಾತ್ರೆಯನ್ನು ಬಿಡುವಂತಿಲ್ಲ, ಯಾಕೆಂದರೆ ಹರಿವನ್ನು ತಡೆಯದ ಸಣ್ಣ ಗಂಟೂ ಒಂದು ದಿನ ಒಡೆದು ಹೆಪ್ಪುಗಟ್ಟಿ ನಾಳವನ್ನು ಮುಚ್ಚಬಹುದು. ಆ ಅಪಾಯವನ್ನು ಯಾವ ಗೇಜೂ ತೋರಿಸದು.

"ಬೀಡಿ?" ಎಂದು ಅವರ ಪಕ್ಕದಲ್ಲಿದ್ದ ಮಗಳು ಕೇಳಿದರು. ಹಿರಿಯರು ಚೀಲವನ್ನು ಮಡಚಿ ಬೇರೆ ಕಡೆ ನೋಡಿದರು.